ಒಂದು ಟಿಎಂಸಿ ನೀರಿಗೆ ಮೂರು ಕಿಲೋ

ಮಳಗಿಯ ಧರ್ಮಾ ಜಲಾಶಯ ಇರುವುದು ಮುಂಡಗೋಡ ತಾಲೂಕಿನಲ್ಲಿ, ಅದರ ನೀರು ಕಾಲುವೆ ಹಿಡಿದು ಹೋಗುವುದು ಹಾನಗಲ್ ಕಡೆಯ ಗದ್ದೆಗಳಿಗೆ. ಅಣೆಕಟ್ಟಿನ ಆಸುಪಾಸಿನ ಜನಕ್ಕೆ ಟಿಎಂಸಿ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲ ಹಿಡಿಯಿತೆಂದರೆ ಪತ್ರಿಕೆಗಳಲ್ಲಿ ದಿನಬೆಳಗಾದರೆ ಅದೇ ಲೆಕ್ಕ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ; ಲೀಟರಿನಲ್ಲಿ ಸುಮಾರು 2,830 ಕೋಟಿ. ಅಷ್ಟು ನೀರಿಗೆ ಮೂರು ಕಿಲೋ ಪುಡಿ ಸುರಿದು, ತಳದಿಂದ ಮೇಲಿನವರೆಗೆ, ಈ ದಡದಿಂದ ಆ ದಡದವರೆಗೆ ಒಂದೇ ಹದದಲ್ಲಿ ಕಲಸಿದ್ದಾಯಿತು ಎಂದುಕೊಳ್ಳಿ. ಆಮೇಲೆ ಯಾವುದೋ ಮೂಲೆಯಿಂದ ಒಂದು ಚಮಚ ನೀರು ತೆಗೆದು ಲ್ಯಾಬಿಗೆ ಕೊಟ್ಟು, ಇದರಲ್ಲಿ ಆ ಪುಡಿ ಎಷ್ಟಿದೆ ಎಂದು ಕೇಳಿ. ಲ್ಯಾಬ್ ಹೇಳುತ್ತದೆ. ಮೂರರ ಬದಲು ಎರಡೇ ಕಿಲೋ ಹಾಕಿದ್ದರೆ ಅದನ್ನೂ ಹೇಳುತ್ತದೆ.

ಆ ಪುಡಿ ಇನ್ಸುಲಿನ್. ಮೂರು ಕಿಲೋ ಎಂಬುದು ಬಾಯಿಗೆ ಬಂದ ಸಂಖ್ಯೆಯಲ್ಲ. ಶುಗರ್ ತೀರಾ ಇಳಿದು ಬಿದ್ದ ಮನುಷ್ಯನ ರಕ್ತದಲ್ಲಿ ಇನ್ಸುಲಿನ್ ಅತಿಯಾಗಿತ್ತೋ ಇಲ್ಲವೋ ಎಂದು ನಿರ್ಧರಿಸಲು ವೈದ್ಯರು ಎಳೆದುಕೊಂಡ ಗೆರೆಯೊಂದಿದೆ: ಮಿಲಿಲೀಟರಿಗೆ 3 ಮೈಕ್ರೋಯೂನಿಟ್. ಅದೇ ಹದವನ್ನು ಒಂದು ಟಿಎಂಸಿಗೆ ಹಿಗ್ಗಿಸಿದರೆ ಎಂಟೂವರೆ ಕೋಟಿ ಯೂನಿಟ್. ಒಂದು ಯೂನಿಟ್ಟಿನ ತೂಕ 0.0347 ಮಿಲಿಗ್ರಾಂ. ಗುಣಿಸಿ ನೋಡಿ, ಮೂರು ಕಿಲೋಗೆ ಒಂದಿಷ್ಟು ಕಡಿಮೆ ಬರುತ್ತದೆ. ಔಷಧ ಅಂಗಡಿಯಲ್ಲಿ ಸಿಗುವ 400 ಯೂನಿಟ್ಟಿನ ಬಾಟಲಿಗಳಲ್ಲಿ ಎಣಿಸಿದರೆ ಎರಡು ಲಕ್ಷ ಬಾಟಲಿಗೂ ಹೆಚ್ಚು.

ಇನ್ಸುಲಿನ್ ಎಂದರೆ ಸಾಲದ ವಸ್ತು, ಚುಚ್ಚಿಕೊಂಡು ತುಂಬಿಸಬೇಕಾದ ವಸ್ತು ಎಂದೇ ನಮ್ಮ ಮನಸ್ಸಿನಲ್ಲಿ ಕೂತಿದೆ. ದೇಶದಲ್ಲಿ ಹತ್ತು ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ ಎಂದು ಐಸಿಎಂಆರ್‌ನ ಅಧ್ಯಯನ 2023ರಲ್ಲಿ ಹೇಳಿದ ಮೇಲೆ ಬೇರೆ ರೀತಿ ಯೋಚಿಸುವುದೂ ಕಷ್ಟ. ಅದು ಹೆಚ್ಚಾದಾಗ ಏನಾಗುತ್ತದೆ ಎಂಬ ಕತೆ ಅಷ್ಟಾಗಿ ಯಾರ ಕಿವಿಗೂ ಬಿದ್ದಿಲ್ಲ.

ಮೊದಲು ಸಕ್ಕರೆಯ ಲೆಕ್ಕ. ದೊಡ್ಡವರ ಮೈಯಲ್ಲಿ ಹರಿಯುವುದು ಐದು ಲೀಟರ್ ರಕ್ತ. ಬೆಳಗಿನ ಖಾಲಿ ಹೊಟ್ಟೆಯಲ್ಲಿ ಶುಗರ್ 90 ಎಂದು ಬಂತೆನ್ನಿ. ಅದು ಡೆಸಿಲೀಟರಿಗೆ 90 ಮಿಲಿಗ್ರಾಂ. ಐದು ಲೀಟರಿಗೆ ನಾಲ್ಕೂವರೆ ಗ್ರಾಂ, ಒಂದು ಚಹಾ ಚಮಚದಷ್ಟು. ತಲೆಯಿಂದ ಉಂಗುಷ್ಠದವರೆಗೆ ಹರಿಯುವ ರಕ್ತದಲ್ಲಿ ಒಟ್ಟು ಇರುವ ಸಕ್ಕರೆ ಇಷ್ಟೇ. ನಮ್ಮ ಕಡೆಯ ಚಹಾದಂಗಡಿಯ ಒಂದು ಲೋಟದಲ್ಲಿ ಇದರ ಎರಡರಷ್ಟು ಇರುತ್ತದೆ. ಈಗ 55ಕ್ಕೆ ಇಳಿಯಿತು ಎಂದುಕೊಳ್ಳಿ. ರಕ್ತದಲ್ಲಿ ಉಳಿದದ್ದು ಎರಡು ಮುಕ್ಕಾಲು ಗ್ರಾಂ. ಕಣ್ಣು ಕತ್ತಲೆ ಬರುವುದು, ಕೈ ನಡುಗುವುದು, ಬೆವರು ಕಿತ್ತು ಬರುವುದು, ಮಾತು ತೊದಲುವುದು, ಮನೆಯವರನ್ನೇ ಗುರುತು ಹಿಡಿಯದೆ ಬೈಯುವುದು, ಇನ್ನೂ ಇಳಿದರೆ ಫಿಟ್ಸ್ ಬಂದು ಬೀಳುವುದು – ಈ ಎಲ್ಲಕ್ಕೂ ಆರೋಗ್ಯಕ್ಕೂ ನಡುವೆ ಇರುವ ಅಂತರ ಎರಡು ಗ್ರಾಂ ಆಚೀಚೆ.

ಮಿದುಳಿನ ತೂಕ ದೇಹದ ನೂರಕ್ಕೆ ಎರಡರಷ್ಟು. ಅದು ತಿನ್ನುವುದು ಮಾತ್ರ ದಿನಕ್ಕೆ 120 ಗ್ರಾಂ ಸಕ್ಕರೆ, ಗಂಟೆಗೆ ಐದು ಗ್ರಾಂ. ರಕ್ತದಲ್ಲಿರುವುದೇ ನಾಲ್ಕೂವರೆ. ಅಂದರೆ ಮೇಲಿಂದ ಬಂದು ಬೀಳುವುದು ನಿಂತರೆ ಮಿದುಳೊಂದೇ ಒಂದು ಗಂಟೆಯೊಳಗೆ ಎಲ್ಲವನ್ನೂ ಖಾಲಿ ಮಾಡಬೇಕು. ಹಾಗಾಗುವುದಿಲ್ಲ, ಏಕೆಂದರೆ ಪಿತ್ತಜನಕಾಂಗ ಹಗಲಿರುಳೂ ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತದೆ. ಅರುವತ್ತು ಕಿಲೋ ತೂಕದವರಲ್ಲಿ ಗಂಟೆಗೆ ಏಳು ಗ್ರಾಂ. ಅದರ ಉಗ್ರಾಣದಲ್ಲಿರುವುದು ನೂರು ಗ್ರಾಂ ಆಸುಪಾಸು; ಅದು ಮುಗಿಯುತ್ತ ಬಂದ ಹಾಗೆ ಸ್ನಾಯುವಿನ ಪ್ರೋಟೀನು, ಕೊಬ್ಬಿನ ಗ್ಲಿಸರಾಲ್ ಎಲ್ಲವನ್ನೂ ಎಳೆದುಕೊಂಡು ಹೊಸದಾಗಿ ಸಕ್ಕರೆ ಮಾಡುತ್ತದೆ. ಕೊಬ್ಬು ಕರಗಿ ಕೀಟೋನ್ ಹುಟ್ಟುತ್ತದೆ, ಸಕ್ಕರೆ ಸಾಲದ ಮಿದುಳಿಗೆ ಅದೂ ಊಟ. ಜೈನರಲ್ಲಿ ಪರ್ಯೂಷಣದ ಎಂಟು ದಿನವೂ ಕಾಸಿ ಆರಿಸಿದ ನೀರಿನ ಮೇಲಷ್ಟೇ ಇರುವವರಿದ್ದಾರೆ. ಅವರು ಎಂಟನೆಯ ದಿನವೂ ಬಸದಿಗೆ ನಡೆದು ಹೋಗುತ್ತಾರೆ. ಆ ನಾಲ್ಕು ಗ್ರಾಂ ಕಾಯಲು ದೇಹ ಇಷ್ಟೆಲ್ಲ ಏರ್ಪಾಟು ಮಾಡಿಕೊಂಡಿದೆ.

ಈ ಏರ್ಪಾಟಿನ ಕೀಲಿಕೈ ಇನ್ಸುಲಿನ್ ಹತ್ತಿರ. ಅದು ಏರಿದರೆ ಪಿತ್ತಜನಕಾಂಗ ಸಕ್ಕರೆ ಬಿಡುವುದನ್ನು ನಿಲ್ಲಿಸುತ್ತದೆ, ಸ್ನಾಯುಗಳು ರಕ್ತದ ಸಕ್ಕರೆಯನ್ನು ಹೀರುತ್ತವೆ, ಕೊಬ್ಬು ಕರಗದೆ ಉಳಿಯುತ್ತದೆ. ಉಪವಾಸದಲ್ಲಿ ಶುಗರ್ ಇಳಿದವನಿಗೆ ಕೀಟೋನಿನ ಆಸರೆಯಾದರೂ ಸಿಗುತ್ತದೆ. ಇನ್ಸುಲಿನ್ ಹೆಚ್ಚಾಗಿ ಇಳಿದವನ ಮಿದುಳಿಗೆ ಎರಡೂ ಬಾಗಿಲು ಮುಚ್ಚಿದ ಹಾಗೆ. ಅಪಾಯ ಇಲ್ಲೇ ಇರುವುದು, ರೋಗದ ಗುರುತು ಸಿಗುವುದೂ ಇಲ್ಲೇ.

ಇಷ್ಟು ದೊಡ್ಡ ಅಧಿಕಾರ ನಡೆಸುವ ವಸ್ತು ಎಷ್ಟು ಇರುತ್ತದೆ ನೋಡಿ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಕಿರುದ್ವೀಪಗಳು ಹತ್ತು ಲಕ್ಷದಷ್ಟಿವೆ, ಎಲ್ಲ ಸೇರಿಸಿದರೆ ತೂಕ ಒಂದು ಗ್ರಾಂ. ಅವು ದಿನಕ್ಕೆ ಮಾಡುವುದು ಸುಮಾರು 40 ಯೂನಿಟ್. ಎಪ್ಪತ್ತು ವರ್ಷ ಬಾಳಿದವರ ಜೀವಮಾನದ ಉತ್ಪಾದನೆಯನ್ನೆಲ್ಲ ಗುಡ್ಡೆ ಹಾಕಿದರೆ 35 ಗ್ರಾಂ. ಮೇಲೆ ಹೇಳಿದ ಗೆರೆಯ ಮಟ್ಟದಲ್ಲಿ, ಮೂರು ಲೀಟರ್ ಪ್ಲಾಸ್ಮಾದಲ್ಲಿ ಒಟ್ಟು ಇರುವುದು ಒಂದು ಯೂನಿಟ್ಟಿನ ಸಾವಿರದಲ್ಲಿ ಒಂಬತ್ತು ಪಾಲು. ಅಣುಗಳಲ್ಲಿ ಎಣಿಸಿದರೆ, ಶುಗರ್ 55 ಇರುವಾಗ ಪ್ರತಿ ಒಂದು ಇನ್ಸುಲಿನ್ ಅಣುವಿಗೆ ಎದುರಾಗಿ 17 ಕೋಟಿ ಸಕ್ಕರೆ ಅಣುಗಳಿರುತ್ತವೆ. ಆ ಒಂದು ಇವಿಷ್ಟನ್ನೂ ಆಳುತ್ತದೆ.

ಇನ್ನು ರಿಪೋರ್ಟ್ ಓದುವ ವಿಚಾರ. ನಮ್ಮ ಜನ ಮಾತ್ರವಲ್ಲ, ಅವಸರದಲ್ಲಿರುವ ವೈದ್ಯರೂ ಇಲ್ಲಿ ಎಡವುವುದುಂಟು. ಲ್ಯಾಬಿನವರು ಸಂಖ್ಯೆಯ ಪಕ್ಕದಲ್ಲಿ 'ನಾರ್ಮಲ್' ಎಂದು ಒಂದು ಮಿತಿ ಅಚ್ಚು ಹಾಕಿರುತ್ತಾರೆ, ಖಾಲಿ ಹೊಟ್ಟೆಯ ಇನ್ಸುಲಿನ್ನಿಗೆ ಸುಮಾರು 2ರಿಂದ 25. ರೋಗಿಯದು 8 ಬಂತು. ದಪ್ಪಕ್ಷರವಿಲ್ಲ, ಕೆಂಪು ಗುರುತಿಲ್ಲ. ಏನೂ ಇಲ್ಲ ಎಂದು ಕಾಗದ ಮಡಚಿ ಒಳಗಿಡುತ್ತಾರೆ. ಆದರೆ ಅದೇ ಗಳಿಗೆಯ ಶುಗರ್ 42 ಇತ್ತು ಎಂದಾದರೆ, ಆ 8 ಎಂಬುದು ಭಯಂಕರ ಸಂಖ್ಯೆ. ಶುಗರ್ ಅಷ್ಟು ಇಳಿದಾಗ ಆರೋಗ್ಯವಂತರ ಗ್ರಂಥಿ ಕೈ ಕಟ್ಟಿ ಕೂರುತ್ತದೆ, ಇನ್ಸುಲಿನ್ 3ಕ್ಕಿಂತ ಕೆಳಗೆ ಹೋಗುತ್ತದೆ. ಹೋಗದೆ 8ರಲ್ಲಿ ನಿಂತಿದೆ ಎಂದರೆ ಯಾರೋ ಅಪ್ಪಣೆಯಿಲ್ಲದೆ ಸುರಿಯುತ್ತಿದ್ದಾರೆ. ಊಟದ ನಂತರ ನಮ್ಮ ನಿಮ್ಮ ಇನ್ಸುಲಿನ್ ಐವತ್ತು, ಅರುವತ್ತು ಮುಟ್ಟುತ್ತದೆ. ಅದರಿಂದ ಯಾರೂ ಬೀಳುವುದಿಲ್ಲ. ಒಂಟಿ ಇನ್ಸುಲಿನ್ ಸಂಖ್ಯೆಗೆ ಅರ್ಥವೇ ಇಲ್ಲ ಎಂದು ನನ್ನ ಅಭಿಪ್ರಾಯ, ಆರೋಗ್ಯ ತಪಾಸಣೆಯ ಪ್ಯಾಕೇಜುಗಳಲ್ಲಿ ಅದನ್ನು ಸುಮ್ಮನೆ ಸೇರಿಸಿ ಮಾರುವವರು ಏನೇ ಹೇಳಲಿ. ಶುಗರ್ ಇಳಿದ ಕ್ಷಣದಲ್ಲೇ, ಅದೇ ಸೂಜಿಯಿಂದ ತೆಗೆದ ರಕ್ತದಲ್ಲಿ ಅಳೆದರೆ ಮಾತ್ರ ಅದು ಸಾಕ್ಷಿ.

ಈ ಸಾಕ್ಷಿ ಸಿಗುವಂತಾದದ್ದು ಇತ್ತೀಚೆಗೆ. ಇನ್ಸುಲಿನ್ ಪತ್ತೆಯಾದದ್ದು 1921ರಲ್ಲಿ, ಟೊರಾಂಟೋದಲ್ಲಿ. ಅದನ್ನು ಚುಚ್ಚಿಸಿಕೊಂಡವರಿಗೆ ಡೋಸ್ ಹೆಚ್ಚಾದಾಗ ಆಗುತ್ತಿದ್ದ ನಡುಕ, ಬೆವರು ನೋಡಿದ ಅಮೆರಿಕದ ಸೀಲ್ ಹ್ಯಾರಿಸ್ ಎಂಬ ವೈದ್ಯರು, ಒಮ್ಮೆಯೂ ಇನ್ಸುಲಿನ್ ಮುಟ್ಟದ ಕೆಲವರಲ್ಲೂ ಇದೇ ಕಾಣುತ್ತಿದೆಯಲ್ಲ ಎಂದು 1924ರಲ್ಲಿ ಬರೆದರು. 1927ರಲ್ಲಿ ಮೇಯೋ ಕ್ಲಿನಿಕ್ಕಿನವರು ಅಂಥ ಒಬ್ಬರ ಹೊಟ್ಟೆಯಲ್ಲಿ ಇನ್ಸುಲಿನ್ ಸುರಿಸುವ ಗಡ್ಡೆ ಕಂಡದ್ದನ್ನು ವರದಿ ಮಾಡಿದರು. 1929ರಲ್ಲಿ ಟೊರಾಂಟೋದ ರಾಸ್ಕೋ ಗ್ರಹಾಂ ಗಡ್ಡೆ ತೆಗೆದು ಒಬ್ಬ ರೋಗಿಯನ್ನು ಗುಣಪಡಿಸಿಯೂ ಬಿಟ್ಟರು. ಇಷ್ಟೆಲ್ಲ ಆದದ್ದು ರಕ್ತದ ಇನ್ಸುಲಿನ್ ಅಳೆಯದೆಯೇ. ಅಳೆಯುವ ಉಪಾಯವೇ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ಶುರುವಾದ 1957ರಲ್ಲೇ ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್‌ನಲ್ಲಿ ಒಬ್ಬ ನರ್ಸ್ ತನ್ನ ಹೆಂಡತಿಯನ್ನು ಇನ್ಸುಲಿನ್ ಚುಚ್ಚಿ ಕೊಂದ ಪ್ರಕರಣ ನಡೆಯಿತು. ಆಗ ತನಿಖೆಯವರು ಮಾಡಿದ್ದೇನು ಗೊತ್ತೇ? ಸತ್ತವಳ ಚರ್ಮದಡಿಯ ಅಂಗಾಂಶದ ಸಾರವನ್ನು ಇಲಿಗಳಿಗೆ ಚುಚ್ಚಿ, ಅವು ಒದ್ದಾಡುತ್ತವೆಯೇ ಎಂದು ನೋಡಿದರು. 1960ರಲ್ಲಿ ನ್ಯೂಯಾರ್ಕಿನ ರೋಸಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ ವಿಕಿರಣದ ಗುರುತು ಅಂಟಿಸಿದ ಇನ್ಸುಲಿನ್ ಬಳಸಿ ರಕ್ತದ ಹನಿಯಲ್ಲೇ ಅಳೆಯುವ ವಿಧಾನವನ್ನು ಪ್ರಕಟಿಸಿದರು. ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಂತು. ಬರ್ಸನ್ ಅಷ್ಟರಲ್ಲಿ ತೀರಿಹೋಗಿದ್ದರು.

ನಮ್ಮ ಮಲೆನಾಡಿಗೆ ಈ ಅಳತೆ ತಡವಾಗಿ ಬಂತು ಎನ್ನಲು ಒಂದು ಕಾರಣವಿದೆ. ಘಟ್ಟದ ಮೇಲಿನ ತಾಲೂಕುಗಳು – ಮುಂಡಗೋಡ, ಹಳಿಯಾಳ, ಯಲ್ಲಾಪುರ, ಸೂಪಾ – ಒಂದು ಕಾಲಕ್ಕೆ ಮಲೇರಿಯಾದ ತವರು. ಡಿ.ಕೆ. ವಿಶ್ವನಾಥನ್ ಎಂಬ ಅಧಿಕಾರಿ 1946ರಲ್ಲಿ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಹಳ್ಳಿಗೆ ಡಿಡಿಟಿ ಹೊಡೆಸುವವರೆಗೆ ಚಳಿಜ್ವರಕ್ಕೆ ಇದ್ದ ಮುಖ್ಯ ಮದ್ದು ಕ್ವಿನೈನ್. ಆ ಕ್ವಿನೈನ್ ಮೇದೋಜೀರಕ ಗ್ರಂಥಿಯನ್ನು ಕೆಣಕಿ ಇನ್ಸುಲಿನ್ ಬಿಡಿಸುತ್ತದೆ. ಜ್ವರ ಮಿದುಳಿಗೇರಿ ಪ್ರಜ್ಞೆ ತಪ್ಪಿತು ಎಂದುಕೊಂಡ ಕೆಲವರಲ್ಲಿ ನಿಜಕ್ಕೂ ಆಗಿದ್ದು ಶುಗರ್ ಇಳಿದದ್ದು ಎಂದು ಥಾಯ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ನಿಕೊಲಸ್ ವೈಟ್ ಮತ್ತು ಸಂಗಡಿಗರು 1983ರಲ್ಲಿ ರಕ್ತಪರೀಕ್ಷೆಯಿಂದ ತೋರಿಸಿದರು. ಮಿದುಳಿಗೇರಿದ ಮಲೇರಿಯಾದ 151 ರೋಗಿಗಳಲ್ಲಿ 12 ಮಂದಿಗೆ ಹಾಗಾಗಿತ್ತು. ನೂರಕ್ಕೆ ಎಂಟು. ರೋಗದ ಜೊತೆಗೆ ಮದ್ದೂ ಬೀಳಿಸುತ್ತಿತ್ತು. ನಮ್ಮ ಅಜ್ಜಂದಿರ ಕಾಲದ ಸಾವುಗಳಿಗೆ ಈ ನೂರಕ್ಕೆ ಎಂಟನ್ನು ಹಚ್ಚಿ ಲೆಕ್ಕ ಹಾಕುವುದು ಸರಿಯಲ್ಲ. ಆದರೆ ಆ ಸಾವುಗಳ ಎದುರು ಕೂತಾಗ ಈ ಸಂಖ್ಯೆ ನೆನಪಾಗದೆ ಇರುವುದಿಲ್ಲ.

ಇನ್ಸುಲಿನ್ ಹೆಚ್ಚಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಎಲ್ಲಿಂದ ಬಂತು ಎಂಬುದು ಉಳಿದರ್ಧ. ಇಲ್ಲಿ ಪ್ರಕೃತಿಯೇ ಒಂದು ರಸೀದಿ ಇಟ್ಟಿದೆ. ಇನ್ಸುಲಿನ್ ಹುಟ್ಟುವುದು 86 ಅಮೈನೋ ಆಮ್ಲಗಳ ಉದ್ದನೆಯ ಸರವಾಗಿ. ಗ್ರಂಥಿ ಅದನ್ನು ಕತ್ತರಿಸಿದಾಗ 51ರ ಇನ್ಸುಲಿನ್ ಒಂದು ಕಡೆ, 31ರ ಸಿ-ಪೆಪ್ಟೈಡ್ ಎಂಬ ತುಂಡು ಇನ್ನೊಂದು ಕಡೆ ಬೀಳುತ್ತದೆ. (ಉಳಿದ ನಾಲ್ಕು ಕತ್ತರಿಸುವಾಗ ಉದುರುತ್ತವೆ.) ಗ್ರಂಥಿಯಿಂದ ಒಂದು ಇನ್ಸುಲಿನ್ ಹೊರಬಂದರೆ ಜೊತೆಗೆ ಒಂದು ಸಿ-ಪೆಪ್ಟೈಡ್ ಬರಲೇಬೇಕು. ಇನ್ಸುಲಿನ್ ಐದಾರು ನಿಮಿಷಕ್ಕೆ ಅರ್ಧ ಕರಗುತ್ತದೆ. ಸಿ-ಪೆಪ್ಟೈಡ್ ಅರ್ಧವಾಗಲು ಅರ್ಧ ಗಂಟೆ ಬೇಕು. ಆದ್ದರಿಂದ ಅದು ಕೈಗೆ ಸುಲಭವಾಗಿ ಸಿಗುತ್ತದೆ. ಕಾರ್ಖಾನೆಯ ಬಾಟಲಿಯಲ್ಲಿ ಸಿ-ಪೆಪ್ಟೈಡ್ ಇರುವುದಿಲ್ಲ. ಇನ್ಸುಲಿನ್ ಆಕಾಶಕ್ಕೇರಿ ಸಿ-ಪೆಪ್ಟೈಡ್ ಪಾತಾಳದಲ್ಲಿದ್ದರೆ ಇನ್ಸುಲಿನ್ ಸೂಜಿಯಿಂದ ಬಂದದ್ದು. ತಿಳಿಯದೆಯೋ, ತಿಳಿದೋ, ತಾನೇ ಚುಚ್ಚಿಕೊಂಡದ್ದೋ, ಇನ್ನೊಬ್ಬರು ಚುಚ್ಚಿದ್ದೋ ಎಂಬುದು ಲ್ಯಾಬಿನ ಆಚೆಯ ಪ್ರಶ್ನೆ.

ತಿಳಿಯದೆ ಎಂದರೆ ಹೇಗೆ? ಹೀಗೆ: ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್ಟಿನದು, ಪೆನ್ನಿನದು 100 ಯೂನಿಟ್ಟಿನದು. ಸಿರಿಂಜುಗಳೂ ಎರಡು ಬಗೆ, 40ರದಕ್ಕೆ ಕೆಂಪು ಟೋಪಿ, 100ರದಕ್ಕೆ ಕಿತ್ತಳೆ. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 20 ಅಲ್ಲ, 50. ಟೋಪಿಯ ಬಣ್ಣ ನೋಡದ್ದಕ್ಕೆ ಎರಡೂವರೆ ಪಟ್ಟು.

ಇನ್ಸುಲಿನ್, ಸಿ-ಪೆಪ್ಟೈಡ್ ಎರಡೂ ಏರಿದ್ದರೆ ಸುರಿಯುತ್ತಿರುವುದು ಸ್ವಂತ ಗ್ರಂಥಿಯೇ. ಆಗ ಗಡ್ಡೆಯ ಗುಮಾನಿ. ಆದರೆ ಗಡ್ಡೆಯ ಹಾಗೆಯೇ ನಟಿಸುವ ಇನ್ನೊಂದಿದೆ, ಸಕ್ಕರೆ ಕಾಯಿಲೆಯ ಅಗ್ಗದ ಗುಳಿಗೆ: ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಮುಂತಾದವು. ಅವು ಮಾಡುವ ಕೆಲಸವೇ ಗ್ರಂಥಿಯಿಂದ ಇನ್ಸುಲಿನ್ ಬಿಡಿಸುವುದು. ಅಜ್ಜಿಯ ಡಬ್ಬಿಯಿಂದ ಮೊಮ್ಮಗು ಒಂದು ನುಂಗಿದರೂ ಸಾಕು, ಅಂಗಡಿಯಲ್ಲಿ ಬೇರೆ ಗುಳಿಗೆಯ ಬದಲು ಇದು ಬಂದರೂ ಸಾಕು, ರಕ್ತದ ಎರಡೂ ಸಂಖ್ಯೆಗಳು ಥೇಟ್ ಗಡ್ಡೆಯ ಹಾಗೆ ಬರುತ್ತವೆ. ಗುಳಿಗೆಯ ಅಂಶ ರಕ್ತದಲ್ಲಿದೆಯೇ ಎಂದು ಬೇರೆಯಾಗಿ ಹುಡುಕದೆ ಹೊಟ್ಟೆ ಕೊಯ್ಯಲು ಹೊರಡಬಾರದು ಎಂಬ ನಿಯಮ ಬಂದದ್ದು ಇದಕ್ಕೇ.

ಇನ್ನೊಂದು ವೇಷಧಾರಿಯನ್ನು ಜಪಾನಿನ ಹಿರಾಟಾ 1970ರಲ್ಲಿ ಗುರುತಿಸಿದರು. ಅಲ್ಲಿ ದೇಹ ತನ್ನ ಇನ್ಸುಲಿನ್ನಿಗೇ ಪ್ರತಿಕಾಯ ಮಾಡಿಕೊಂಡು, ಅದನ್ನು ಹಿಡಿದಿಟ್ಟು, ಬೇಡದ ಹೊತ್ತಿನಲ್ಲಿ ಬಿಡುತ್ತದೆ. ಆಗ ಅಳತೆಯಲ್ಲಿ ಬರುವ ಇನ್ಸುಲಿನ್ ನೂರರಲ್ಲಿ, ಕೆಲವೊಮ್ಮೆ ಸಾವಿರದಲ್ಲಿ. ಸಾವಿರವೆಂದರೆ ನಮ್ಮ ಟಿಎಂಸಿ ಲೆಕ್ಕಕ್ಕೆ ಮೂರು ಕಿಲೋ ಅಲ್ಲ, ಒಂದು ಟನ್. ಕಾಲು ಜೋಮಿಗೆಂದು ನಮ್ಮಲ್ಲಿ ಧಾರಾಳವಾಗಿ ಬರೆದುಕೊಡುವ ಆಲ್ಫಾ ಲಿಪೋಯಿಕ್ ಆಮ್ಲ ಇದನ್ನು ಕೆರಳಿಸಬಲ್ಲದು.

ಶುಗರ್ ಇಳಿದದ್ದೆಲ್ಲ ಇನ್ಸುಲಿನ್ನಿನ ತಪ್ಪಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. 2014ರ ಬೇಸಿಗೆಯಲ್ಲಿ ಬಿಹಾರದ ಮುಜಫ್ಫರಪುರದಲ್ಲಿ 390 ಮಕ್ಕಳು ಆಸ್ಪತ್ರೆ ಸೇರಿ 122 ಮಂದಿ ಸತ್ತದ್ದು ಲಿಚಿ ಹಣ್ಣಿನ ವಿಷದಿಂದ; ರಾತ್ರಿ ಉಣ್ಣದ ಮಕ್ಕಳಲ್ಲಿ ಅದು ಸಕ್ಕರೆ ಮಾಡುವ ಕೆಲಸವನ್ನೇ ನಿಲ್ಲಿಸಿತ್ತು. ಖಾಲಿ ಹೊಟ್ಟೆಗೆ ಸಾರಾಯಿ ಬಿದ್ದರೂ ಶುಗರ್ ಇಳಿಯುತ್ತದೆ, ಆಗ ಇನ್ಸುಲಿನ್ ಕೆಳಗೇ ಇರುತ್ತದೆ. ಅದಕ್ಕೇ ಒಂದು ಸಂಖ್ಯೆ ಸಾಲದು, ಸಂಖ್ಯೆಗಳ ಗುಂಪು ಬೇಕು.

ಆ ಗುಂಪನ್ನು ಹಿಡಿಯಲು ಆಸ್ಪತ್ರೆಗಳಲ್ಲಿ ಮಾಡಿಸುವ ಉಪವಾಸ 72 ಗಂಟೆಯದು. ಏಕಾದಶಿ ಒಂದು ದಿನ, ರಂಜಾನಿನ ರೋಜಾ ಹದಿನಾಲ್ಕು ತಾಸು. ಇದು ಮೂರು ಹಗಲು ಮೂರು ರಾತ್ರಿ. ನೀರು ಕುಡಿಯಬಹುದು. ಆರು ಗಂಟೆಗೊಮ್ಮೆ ರಕ್ತ ತೆಗೆಯುತ್ತಾರೆ, ಶುಗರ್ 60ಕ್ಕಿಂತ ಇಳಿದ ಮೇಲೆ ಗಂಟೆ ಎರಡು ಗಂಟೆಗೊಮ್ಮೆ. ಗಡ್ಡೆ ಇರುವವರಲ್ಲಿ ಮೂರನೇ ಎರಡರಷ್ಟು ಮಂದಿ ಮೊದಲ 24 ಗಂಟೆಯಲ್ಲೇ ಬೀಳುತ್ತಾರೆ, 48 ಗಂಟೆಗೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು. ಬೀಳುವ ಕ್ಷಣದ ರಕ್ತದಲ್ಲಿ ಶುಗರ್ 55ಕ್ಕಿಂತ ಕಡಿಮೆ, ಇನ್ಸುಲಿನ್ 3 ಅಥವಾ ಹೆಚ್ಚು, ಸಿ-ಪೆಪ್ಟೈಡ್ 0.6 ನ್ಯಾನೋಗ್ರಾಂ ಅಥವಾ ಹೆಚ್ಚು, ಕೀಟೋನ್ 2.7 ಮಿಲಿಮೋಲ್ ಅಥವಾ ಕಡಿಮೆ ಇದ್ದರೆ ಕೇಸು ಗಟ್ಟಿ. ಕೊನೆಗೆ, ಪಿತ್ತಜನಕಾಂಗದಿಂದ ಸಕ್ಕರೆ ಬಿಡಿಸುವ ಗ್ಲುಕಗಾನ್ ಎಂಬ ಹಾರ್ಮೋನನ್ನು ಒಂದು ಮಿಲಿಗ್ರಾಂ ಚುಚ್ಚುತ್ತಾರೆ. ಮೂರು ದಿನ ಉಪವಾಸವಿದ್ದ ಆರೋಗ್ಯವಂತರ ಪಿತ್ತಜನಕಾಂಗದಲ್ಲಿ ಬಿಡಲು ಏನೂ ಉಳಿದಿರುವುದಿಲ್ಲ. ಇನ್ಸುಲಿನ್ ಬೀಗ ಹಾಕಿಟ್ಟವರಲ್ಲಿ ದಾಸ್ತಾನು ಹಾಗೇ ಇರುತ್ತದೆ. ಅರ್ಧ ಗಂಟೆಯಲ್ಲಿ ಶುಗರ್ 25 ಅಥವಾ ಅದಕ್ಕಿಂತ ಹೆಚ್ಚು ಮೇಲೇರುತ್ತದೆ. ಎದುರಿಗೇ ಸಕ್ಕರೆ ಇಟ್ಟುಕೊಂಡು ಮಿದುಳು ಹಸಿದಿತ್ತು ಎನ್ನಲು ಇದಕ್ಕಿಂತ ಪುರಾವೆ ಬೇಡ.

ಇಷ್ಟೆಲ್ಲ ಮಾಡಿ ಹುಡುಕುವ ಗಡ್ಡೆ ಹೆಚ್ಚಿನವರಲ್ಲಿ ಎರಡು ಸೆಂಟಿಮೀಟರಿಗಿಂತ ಚಿಕ್ಕದು. ಒಂದು ಸೆಂಟಿಮೀಟರಿನದಾದರೆ ಅರ್ಧ ಗ್ರಾಂ ತೂಗುತ್ತದೆ. ಹತ್ತರಲ್ಲಿ ಒಂಬತ್ತು ಕ್ಯಾನ್ಸರ್ ಅಲ್ಲ, ತೆಗೆದರೆ ವಾಸಿ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಂದ ನಾಲ್ವರಿಗೆ ಬರುತ್ತದೆ. 2011ರ ಜನಗಣತಿಯ 6.11 ಕೋಟಿ ಹಿಡಿದರೂ ಕರ್ನಾಟಕದಲ್ಲಿ ವರ್ಷಕ್ಕೆ ಅರುವತ್ತರಿಂದ ಇನ್ನೂರನಲವತ್ತು ಮಂದಿ, 14.37 ಲಕ್ಷದ ಉತ್ತರ ಕನ್ನಡದಲ್ಲಿ ಒಬ್ಬರಿಂದ ಆರು ಮಂದಿ ಆಗಬೇಕು. ಅವರು ಎಲ್ಲಿದ್ದಾರೆ? ಕೆಲವರು ಮೂರ್ಛೆರೋಗದ ಗುಳಿಗೆ ತಿನ್ನುತ್ತಿದ್ದಾರೆ, ಕೆಲವರು ಮನೋವೈದ್ಯರ ಬಳಿ ಕೂತಿದ್ದಾರೆ, ಕೆಲವರನ್ನು ಬೆಳ್ಳಂಬೆಳಗ್ಗೆ ಕುಡಿದು ಬಂದಿದ್ದಾನೆಂದು ಜನ ಬೈದಿದ್ದಾರೆ, ಕೆಲವರ ಮೈಮೇಲೆ ಬಂದಿದೆಯೆಂದು ನಿಂಬೆಹಣ್ಣು ನಿವಾಳಿಸಿದ್ದಾರೆ. ಬೆಳಗಿನ ಜಾವ ತೊದಲಿ, ಏನಾದರೂ ತಿಂದ ಮೇಲೆ ಸರಿಹೋಗುವ ಮನುಷ್ಯನ ಶುಗರನ್ನು ಆ ಹೊತ್ತಿನಲ್ಲೇ ಒಮ್ಮೆ ನೋಡಬೇಕು ಎಂದು ಎಷ್ಟು ಮಂದಿಗೆ ಹೊಳೆಯುತ್ತದೆ?

ಕೂಸುಗಳ ಲೆಕ್ಕ ಇನ್ನೂ ಬೆಚ್ಚಿಬೀಳಿಸುವಂಥದು. ಮೂರು ಕಿಲೋದ ಎಳೆಗೂಸಿನಲ್ಲಿ ರಕ್ತ 240 ಮಿಲಿಲೀಟರ್. ಶುಗರ್ 60 ಇದ್ದರೆ ರಕ್ತದ ಒಟ್ಟು ಸಕ್ಕರೆ 144 ಮಿಲಿಗ್ರಾಂ, ಚಿಟಿಕೆಯಷ್ಟು. ಅದರ ಮೈ ನಿಮಿಷಕ್ಕೆ 15 ಮಿಲಿಗ್ರಾಂ ಉರಿಸುತ್ತದೆ. ಪೂರೈಕೆ ನಿಂತರೆ ಹತ್ತು ನಿಮಿಷಕ್ಕೆ ಎಲ್ಲ ಮುಗಿಯಿತು. ಹುಟ್ಟಿನಿಂದಲೇ ಇನ್ಸುಲಿನ್ ಅತಿಯಾಗಿರುವ ಕೂಸುಗಳಿಗೆ ಶುಗರ್ ನಿಲ್ಲಿಸಲು ಕಿಲೋ ತೂಕಕ್ಕೆ ನಿಮಿಷಕ್ಕೆ 20 ಮಿಲಿಗ್ರಾಂವರೆಗೂ ಸಲಾಯಿನ್ನಿನಲ್ಲಿ ಹರಿಸಬೇಕಾಗುತ್ತದೆ. ಅದೇ ದರವನ್ನು ಅರುವತ್ತು ಕಿಲೋದ ದೊಡ್ಡವರಿಗೆ ಹಚ್ಚಿದರೆ ದಿನಕ್ಕೆ ಒಂದು ಮುಕ್ಕಾಲು ಕಿಲೋ ಸಕ್ಕರೆ! ಈ ಕಾಯಿಲೆ ಸಾಮಾನ್ಯವಾಗಿ 30ರಿಂದ 50 ಸಾವಿರ ಹೆರಿಗೆಗೆ ಒಂದು. ರಕ್ತಸಂಬಂಧದ ಮದುವೆ ಹೆಚ್ಚಿರುವ ಸೌದಿ ಅರೇಬಿಯಾದಲ್ಲಿ 2,500ಕ್ಕೆ ಒಂದು. ನಮ್ಮದೇನು ಕಡಿಮೆಯಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಕರ್ನಾಟಕದ ಲಕ್ಷದ ಆಸುಪಾಸಿನ ನವಜಾತ ಶಿಶುಗಳ ರಕ್ತ ಪರೀಕ್ಷಿಸಿದಾಗ, ಸುಮಾರು ಮೂರರಲ್ಲಿ ಒಂದು ಕೂಸಿನ ತಂದೆತಾಯಿ ಹತ್ತಿರದ ನೆಂಟರಾಗಿದ್ದರು. ಸೋದರಮಾವನಿಗೆ ಕೊಡುವ, ಅತ್ತೆ ಮಗಳನ್ನು ತರುವ ನಾಡು ಇದು. ಎಳೆಗೂಸಿಗೆ ಫಿಟ್ಸ್ ಬಂದರೆ ಮೊದಲು ಶುಗರ್, ಶುಗರ್ ಇಳಿದಿದ್ದರೆ ಅದೇ ಗಳಿಗೆಯ ಇನ್ಸುಲಿನ್ ಮತ್ತು ಕೀಟೋನ್.

ಈಗ ಇದನ್ನೆಲ್ಲ ಮಳಗಿಗೆ ತನ್ನಿ. ಮುಂಜಾನೆ ಯಾರೋ ಬಿದ್ದರು. ಬೆರಳು ಚುಚ್ಚಿ ನೋಡುವ ಗ್ಲುಕೋಮೀಟರ್ ಇದೆ, ಸಂತೋಷ. ಆದರೆ ನೂರರ ಕೆಳಗೆ ಆ ಯಂತ್ರಕ್ಕೆ ಅಂತರರಾಷ್ಟ್ರೀಯ ಮಾನದಂಡ ಕೊಟ್ಟಿರುವ ಮಾಫಿ ಆಚೆ 15, ಈಚೆ 15. ಅದು 55 ಎಂದರೆ ನಿಜ 40 ಇರಬಹುದು, 70 ಇರಬಹುದು. ಜೀವ ಉಳಿಸಲು ಅಷ್ಟು ಸಾಕು, ರೋಗ ಹೆಸರಿಸಲು ಸಾಲದು. ಸರಿ, ನರದಿಂದ ರಕ್ತ ತೆಗೆದು ಹುಬ್ಬಳ್ಳಿಗೋ ಶಿರಸಿಗೋ ಕಳಿಸಿದರು. ಕೊಳವೆಯೊಳಗಿನ ರಕ್ತಕಣಗಳು ಬದುಕಿರುತ್ತವೆ, ದಾರಿಯುದ್ದಕ್ಕೂ ಸಕ್ಕರೆ ತಿನ್ನುತ್ತ ಹೋಗುತ್ತವೆ, ಗಂಟೆಗೆ ನೂರಕ್ಕೆ ಐದರಿಂದ ಏಳು. 60 ಇದ್ದದ್ದು ಬಸ್ಸಿನಲ್ಲಿ ಮೂರು ಗಂಟೆ ಕಳೆದು ಲ್ಯಾಬ್ ಮುಟ್ಟುವಾಗ 50. ಆರೋಗ್ಯವಂತರಿಗೂ ದಾರಿಯಲ್ಲೇ ರೋಗ ಹುಟ್ಟಿತು. ಬೂದು ಮುಚ್ಚಳದ ಫ್ಲೋರೈಡ್ ಕೊಳವೆ ಇರುವುದು ಇದನ್ನು ತಡೆಯಲು. ಅದೂ ಮೊದಲ ಒಂದು ಗಂಟೆ ಪೂರ್ತಿ ತಡೆಯುವುದಿಲ್ಲ. ಇನ್ಸುಲಿನ್ನಿನ ಪಾಡು ಬೇರೆ. ರಕ್ತಕಣ ಒಡೆದರೆ ಅದರೊಳಗಿನ ಕಿಣ್ವ ಇನ್ಸುಲಿನ್ನನ್ನು ಕತ್ತರಿಸುತ್ತದೆ, ರೋಗಿಗೆ ರೋಗವಿಲ್ಲ ಎಂದು ರಿಪೋರ್ಟ್ ಬರುತ್ತದೆ. ಕೂದಲು ಉದುರುವುದಕ್ಕೆಂದು ಬಯೋಟಿನ್ ಗುಳಿಗೆ ತಿನ್ನುವವರಲ್ಲಿ ಕೆಲವು ಯಂತ್ರಗಳು ಇನ್ಸುಲಿನ್ ಕಡಿಮೆ ತೋರಿಸುತ್ತವೆ. ಇನ್ನು ಕೆಲವು ಯಂತ್ರಗಳಿಗೆ ಹೊಸ ಮಾದರಿಯ ಔಷಧ ಇನ್ಸುಲಿನ್ ಕಾಣಿಸುವುದೇ ಇಲ್ಲ.

ಇದೆಲ್ಲಕ್ಕಿಂತ ದೊಡ್ಡ ನಷ್ಟ ನಮ್ಮ ಒಳ್ಳೆಯತನದಿಂದ ಆಗುತ್ತದೆ. ಬಿದ್ದವರಿಗೆ ಶೇಕಡಾ 25ರ ಗ್ಲೂಕೋಸ್ ಬಾಟಲಿ ಹಚ್ಚುತ್ತಾರೆ. ನೂರು ಮಿಲಿಲೀಟರಿನಲ್ಲಿ 25 ಗ್ರಾಂ, ಇಡೀ ಮೈಯ ರಕ್ತದಲ್ಲಿರುವ ಸಕ್ಕರೆಯ ಐದೂವರೆ ಪಟ್ಟು. ಮನುಷ್ಯ ಎದ್ದು ಕೂರುತ್ತಾನೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಹಚ್ಚಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ 25 ಗ್ರಾಂ ಒಳಗೆ ಹೋದ ಮೇಲೆ ತೆಗೆದ ರಕ್ತದಲ್ಲಿ ಸಾಕ್ಷಿ ಅಳಿಸಿಹೋಗಿರುತ್ತದೆ. ಮುಂದೆ ಅದನ್ನು ಮರಳಿ ಪಡೆಯಲು ದೊಡ್ಡ ಆಸ್ಪತ್ರೆಯಲ್ಲಿ 72 ಗಂಟೆ ಉಪವಾಸ ಹಾಕಿಸಬೇಕು. ಒಂದು ನಿಮಿಷದಲ್ಲಿ ಸಿಗುತ್ತಿದ್ದುದಕ್ಕೆ ಮೂರು ದಿನ.

ಉತ್ತರ ಕನ್ನಡಕ್ಕೆ ಮಲ್ಟಿ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂಬ ಕೂಗು ಹಳೆಯದು, ನ್ಯಾಯವಾದದ್ದು, ಅದು ಬರಲಿ. ಬರುವವರೆಗೆ ಕಾಯಬೇಕಿಲ್ಲದ ಕೆಲಸ ಇದು. ತಾಲೂಕು ಆಸ್ಪತ್ರೆಯ ತುರ್ತು ಕೋಣೆಯಲ್ಲಿ ಒಂದು ಡಬ್ಬಿ ಇಡಿ: ಬೂದು ಮುಚ್ಚಳದ ಒಂದು ಕೊಳವೆ, ಕೆಂಪು ಮುಚ್ಚಳದ ಎರಡು, ಪಕ್ಕದಲ್ಲಿ ಐಸ್ ಪೆಟ್ಟಿಗೆ, ರಕ್ತ ಬೇರ್ಪಡಿಸುವ ಸೆಂಟ್ರಿಫ್ಯೂಜ್. ಸಲಾಯಿನ್ನಿಗೆ ಸೂಜಿ ಹಾಕುವಾಗ ಅದೇ ಸೂಜಿಯಿಂದ ಮೊದಲು ಐದಾರು ಮಿಲಿಲೀಟರ್ ರಕ್ತ ಎಳೆದು, ಕೂಡಲೇ ಗ್ಲೂಕೋಸ್ ಹಚ್ಚಿ. ರಿಪೋರ್ಟಿಗೆ ಕಾಯಬೇಡಿ. ರಕ್ತ ಸಿಗದಿದ್ದರೆ ಅದಕ್ಕಾಗಿ ತಡಕಾಡುತ್ತ ಕೂರಬೇಡಿ, ಜೀವ ಮೊದಲು. ಮನೆಯವರಿಗೂ ಒಂದು ಮಾತು. ಎಚ್ಚರವಿದ್ದವರಿಗೆ ಸಕ್ಕರೆ ನೀರು ಕುಡಿಸಿ, ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ. ಆಸ್ಪತ್ರೆಗೆ ಹೊರಡುವಾಗ ಮನೆಯಲ್ಲಿರುವ ಎಲ್ಲರ ಗುಳಿಗೆ ಶೀಟುಗಳನ್ನೂ, ಇನ್ಸುಲಿನ್ ಬಾಟಲಿ ಸಿರಿಂಜುಗಳನ್ನೂ ಒಂದು ಚೀಲಕ್ಕೆ ತುಂಬಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿಯಿರಿ.